ಸುರಗಿ ನೀರಿಗೆ ಅಳಿಸಿದ ಗೆರೆ

ದಾವಣಗೆರೆ, ೨೨೧೪ನೆಯ ಇಸವಿ, ಹದಿಮೂರನೆಯ ತಿಂಗಳು (ನಮ್ಮ ವರ್ಷಕ್ಕೆ ಈಗ ಹದಿಮೂರು ತಿಂಗಳು).

ಕೊಟ್ರಮ್ಮಜ್ಜಿಗೆ, ನಿನ್ನ ಮಗಳ ವಂಶದಲ್ಲಿ ಏಳನೆಯ ತಲೆಮಾರಿನವಳಾದ ಇಂಪನ ಬರೆಯುವುದು. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮ ಬಚ್ಚಲುಗಳಲ್ಲಿ ಮೈಗನ್ನಡಿ ಇರುತ್ತದೆ. ಮುಖ ತೊಳೆಯುವಷ್ಟರಲ್ಲಿ ಅದು ಎದೆಯೊಳಗಿನ ಸಾಸಿವೆಯಷ್ಟು ಗಂಟನ್ನೂ ಹೇಳಿಬಿಡುತ್ತದೆ. ಮಧ್ಯಾಹ್ನದೊಳಗೆ ಮದ್ದು ಮುಗಿಸಿ ಸಂಜೆಗೆ ರೊಟ್ಟಿ ತಟ್ಟುತ್ತೇವೆ. ಆ ಕನ್ನಡಿಯ ಮುಂದೆ ನಿಂತಾಗಲೆಲ್ಲ ನಿನ್ನನ್ನು ನೆನೆದು ನನಗೆ ಮೈ ಉರಿಯುತ್ತದೆ. ನಿನ್ನ ಆಸ್ಪತ್ರೆಯ ಚೀಟಿ ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ. ಇಪ್ಪತ್ತೈದು ಚೌಕಗಳಲ್ಲಿ ಹನ್ನೊಂದಕ್ಕೆ ಮಾತ್ರ ಗುರುತು ಬಿದ್ದಿದೆ.

ಡಾಕ್ಟರು ಬಿಡಿಸಿ ಹೇಳಿದ್ದರು. ನಿನಗಿನ್ನೂ ನಲವತ್ತಮೂರು, ಎದೆಯಿಂದ ಕತ್ತರಿಸಿ ತೆಗೆದ ಕ್ಯಾನ್ಸರ್ ಗೆಡ್ಡೆ ಬೇಗ ಬೆಳೆಯುವ ಜಾತಿಯದು, ಕತ್ತರಿಸಿದ ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಮಾತ್ರ ಚೊಕ್ಕವಾಗಿದೆ, ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟರೆ ಅದೇ ಜಾಗಕ್ಕೆ ಮತ್ತೆ ಬರಬಹುದು ಎಂದು. ಕರೆಂಟು ಎಲ್ಲಿ ಬೀಳಬೇಕೆಂದು ಎದೆಯ ಮೇಲೆ ಶಾಯಿಯ ಗೆರೆ ಎಳೆದ ಹುಡುಗಿ, "ಇದು ಅಳಿಸ್ಬಾರ್ದು ನೋಡ್ರಮ್ಮ" ಎಂದೂ ಹೇಳಿದ್ದಳು.

ಹನ್ನೊಂದು ದಿನದ ಕರೆಂಟು ಮುಗಿಯುವಷ್ಟರಲ್ಲಿ ಮಗನ ಮದುವೆ ಬಂತು. ನಾಲ್ಕು ತಂಬಿಗೆಗೆ ನೂಲು ಸುತ್ತಿ, ಮಗನ ಜೊತೆ ತಾಯಿಯನ್ನೂ ಕೂರಿಸಿ ಎಣ್ಣೆ ಅರಿಶಿನ ಹಚ್ಚಿ ನೀರೆರೆಯುವ ಸುರಗಿ ಶಾಸ್ತ್ರ. ನೀನು ಹಿಂಜರಿದಾಗ ನಿನ್ನ ನಾದಿನಿ ಚನ್ನವೀರಮ್ಮ, "ಗೆಡ್ಡೆನೇ ತೆಗ್ದಾಕಿದಾರಲ್ಲ, ಇನ್ಯಾಕೆ ಕರೆಂಟು? ಬೀಗ್ರಿಗೆ ಗೊತ್ತಾದ್ರೆ ಮಾನ ಉಳಿಯುತ್ತಾ? ಸುಮ್ನೆ ಕೂತ್ಕೊ" ಎಂದಳು. ಅವಳ ಬಾಯಿಗೆ ಮಣ್ಣು ಹಾಕ! ನೀನು ಕೂತೆ. ಅವಳೇ ಸೀಗೇಪುಡಿ ಹಾಕಿ ತಿಕ್ಕಿದಳು. ಗೆರೆ ಹೋಯಿತು.

ಗೆರೆ ಹೋದದ್ದಕ್ಕೆ ನನ್ನ ಸಿಟ್ಟಲ್ಲ. ಅದನ್ನು ಮತ್ತೆ ಎಳೆಯಲು ಆಸ್ಪತ್ರೆಯವರಿಗೆ ಒಂದು ಬೆಳಗ್ಗೆ ಸಾಕಿತ್ತು. ಆ ಹುಡುಗಿ ಬೈಯುತ್ತಾಳೆಂದು ಹೆದರಿ ನೀನು ಆಸ್ಪತ್ರೆಯ ದಾರಿಯನ್ನೇ ಬಿಟ್ಟೆ. ಮಗಳು ಕೇಳಿದರೆ, "ಎಲ್ಲಾ ಮುಗೀತು ಕಣವ್ವ" ಎಂದು ಸುಳ್ಳು ಹೇಳಿದೆ. ಮೂರು ವರ್ಷಕ್ಕೆ ಅದೇ ಗಾಯದ ಪಕ್ಕದಲ್ಲಿ ಗೆಡ್ಡೆ ಮರಳಿತು. ಆಗಲೂ ಮುಚ್ಚಿಟ್ಟೆ, ಅದು ಮೈಯೆಲ್ಲ ಹರಡುವವರೆಗೆ. ಆ ಚೀಟಿ ಹಿಡಿದುಕೊಂಡು ನಿನ್ನ ಮಗಳು ಮುದುಕಿಯಾಗುವವರೆಗೆ ಅತ್ತಳಂತೆ.

ಹಿಂದಿನ ಕಾಲಕ್ಕೂ ಹೋಗುವ ನಮ್ಮ ಅಂಚೆಯಲ್ಲಿ ಈ ಕಾಗದ ಸುರಗಿಯ ಮರುದಿನವೇ ನಿನ್ನ ಕೈ ಸೇರಲೆಂದು ಕಳಿಸುತ್ತಿದ್ದೇನೆ. ಧಾರೆ ಮುಗಿಯಲಿ, ಬೀಗರು ಉಣ್ಣಲಿ. ಸೋಮವಾರ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗು. ಸೆರಗು ಸರಿಸಿ, ಗೆರೆ ಅಳಿಸಿಹೋಗಿದೆ ಎಂದು ಆ ಹುಡುಗಿಗೆ ಹೇಳು. ಅವಳು ಬೈಯುತ್ತಾಳೆ, ಬೈಸಿಕೋ. ಬೈಸಿಕೊಂಡು ಯಾರೂ ಸತ್ತಿಲ್ಲ ಅಜ್ಜಿ. ನೀನು ಬೈಸಿಕೊಳ್ಳದೆ ಸತ್ತೆ.