ಚಂದ್ರಾಮನ ನಡುಗದ ಕೈ

ಬೂದಿಗೋಳ, ಮೇಲಂತಸ್ತು
ಏಳನೇ ಸರದಿಯ ಇನ್ನೂರ ಹದಿಮೂರನೇ ವರ್ಷ, ಮಂಜುಗಡ್ಡೆ ತಿಂಗಳ ನಲವತ್ತೊಂದನೇ ದಿನ

ಮೇಜಿನ ಮೇಲೆ ಬೊಂಬೆಗಳನ್ನಿಟ್ಟು ಯುದ್ಧದ ಆಟ ಆಡುವ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಿಮ್ಮ ಲೆಕ್ಕಕ್ಕೆ ತಂದರೆ ಮೂರು ಸಾವಿರದ ಏಳುನೂರರ ಆಸುಪಾಸು ಆಗಬಹುದು ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕೆಲವು ಪದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. ನಾನು ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದವಳು. ಹೆಸರು ನಿಂಬೆವ್ವ, ವಯಸ್ಸು ಹತ್ತೊಂಬತ್ತು, ಕುದಿಯಾಳುಗಳ ಗಂಜಿಮನೆಯಲ್ಲಿ ಕೆಲಸ. ಜನರ ಮುಂದೆ ನಿಂತು ಮಾತಾಡಲು ನನಗೆ ಬರುವುದಿಲ್ಲ, ಬರೆಯುವುದು ಅದಕ್ಕಿಂತ ಸುಲಭ. ಈ ಕಾಗದ ಹಿಂಬಾವಿಯ ಮೂಲಕ ನಿಮ್ಮ ಕಡೆ ಬರುತ್ತದೆ. ಹಿಂಬಾವಿ ಎಂದರೆ ನಮಗೆ ಗಾಳಿ ಬೆಳಕು ಕೊಡುವ ಎಂಜಿನ್ನಿನ ಕೆಳಗಿರುವ ಆಳದ ಕೊಳವೆ. ಅದರಲ್ಲಿ ಬಿಟ್ಟ ಹಗುರ ವಸ್ತುಗಳು ಹಿಂದಿನ ಕಾಲಕ್ಕೆ ಹೋಗಿ ಬೀಳುತ್ತವೆ. ಒಣ ಎಲೆಗಿಂತ ಭಾರದ್ದು ಹೋಗುವುದಿಲ್ಲ. ಆದ್ದರಿಂದ ಒಂದೇ ತೆಳು ಹಾಳೆ, ಎರಡೂ ಬದಿಗೆ ಸಣ್ಣ ಅಕ್ಷರ.

ನಾವಿರುವುದು ಒಂದು ಟೊಳ್ಳು ಚಂದ್ರನ ಒಳಗೆ. ಮೇಲಂತಸ್ತಿನಲ್ಲಿ ನಾವು, ಕೆಳಗೆ ಮಂಜುಗಡ್ಡೆ ಕಡಿಯುವ ಜನ. ಅವರು ಕಡಿದದ್ದು ಕರಗಿ ನಮ್ಮ ನಲ್ಲಿಗೆ ನೀರಾಗಿ ಬರುತ್ತದೆ. ಮಂಜು ಕದಿಯಲು ಹೊರಗಿನಿಂದ ಬರುವ ಹಡಗುಗಳನ್ನು ತಡೆಯುವುದಕ್ಕೆ ಮುನ್ನೂರು ಮಂದಿ ಕುದಿಯಾಳುಗಳಿದ್ದಾರೆ. ಹದಿನೆಂಟು ತುಂಬಿದ ಮೇಲೆ ಅವರ ಪಕ್ಕೆಲುಬಿನ ಕೆಳಗೆ ಕೆಂಡಗಂಟು ಕೂರಿಸುತ್ತಾರೆ. ಹುಣಸೆಬೀಜದಷ್ಟು ಗಾತ್ರದ್ದು. ಕೊಂಬು ಊದಿದ ಕೂಡಲೇ ಅದು ರಕ್ತಕ್ಕೆ ಸಿಟ್ಟು ಬಿಡುತ್ತದೆ. ಆ ಸ್ಥಿತಿಗೆ ನಾವು ಕುದಿ ಎನ್ನುತ್ತೇವೆ. ಕುದಿಯಲ್ಲಿರುವವನಿಗೆ ನೋವು ತಿಳಿಯುವುದಿಲ್ಲ, ಹೆದರಿಕೆ ಇರುವುದಿಲ್ಲ, ಎದುರಿಗಿರುವವರು ತನ್ನವರು ಎಂದು ಅನಿಸುವುದಿಲ್ಲ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳಬೇಕು. ನಮ್ಮ ಶಾಲೆಯ ಗಾಜಿನ ಕಪಾಟಿನಲ್ಲಿ ನಿಮ್ಮ ಕಾಲದ ಒಂದು ಪೆಟ್ಟಿಗೆ ಇದೆ. ಒಳಗೆ ಬೆರಳುದ್ದದ ಹನ್ನೊಂದು ಬೊಂಬೆಗಳು, ಕೆಂಪು ಬಣ್ಣ, ಕೈಯಲ್ಲಿ ಕೊಡಲಿ, ಬಾಯಿ ತೆರೆದು ಕೂಗುತ್ತಿರುವ ಹಾಗೆ. ಜೊತೆಗೆ ಆಟದ ನಿಯಮದ ಪುಸ್ತಕ, ಅರ್ಧ ಹರಿದದ್ದು. ಯಾರೋ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡಿದ್ದಾರೆ: ಸಿಟ್ಟು ಬಂದವನ ಏಟಿಗೆ ಒಂದು ಅಂಕ ಹೆಚ್ಚು. ಮುಂದಾಳಿನಿಂದ ಆರು ಇಂಚಿನ ಒಳಗಿದ್ದವರಿಗೆ ಅವನ ಧೈರ್ಯವೇ ಧೈರ್ಯ. ನಮ್ಮ ಮೊದಲ ಹಿರಿಯರು ಕೆಂಡಗಂಟು ಮಾಡುವಾಗ ಆ ಪುಟಗಳನ್ನು ಎದುರಿಗಿಟ್ಟುಕೊಂಡಿದ್ದರಂತೆ. ಅದಕ್ಕೇ ಮುಂದಾಳಿನ ಗಂಟನ್ನು ಬೇರೆ ಬಗೆಯಲ್ಲಿ ಕಟ್ಟಿದರು. ಅವನಿಂದ ನಲವತ್ತು ಹೆಜ್ಜೆಯೊಳಗೆ ಇರುವ ಗಂಟುಗಳೆಲ್ಲ ಅವನ ಗಂಟನ್ನು ಅನುಸರಿಸುತ್ತವೆ. ಅವನು ಏರಿದರೆ ಎಲ್ಲರೂ ಏರುತ್ತಾರೆ, ಅವನು ಇಳಿದರೆ ಎಲ್ಲರೂ ಇಳಿಯುತ್ತಾರೆ. ಪುಸ್ತಕದ್ದು ಏನೂ ತಪ್ಪಿಲ್ಲ. ಆಟ ಮುಗಿದ ಮೇಲೆ ನೀವು ಬೊಂಬೆಗಳನ್ನು ಪೆಟ್ಟಿಗೆಗೆ ಹಾಕಿ ಊಟಕ್ಕೆ ಹೋಗುತ್ತಿದ್ದಿರಿ. ಬೊಂಬೆಗಳು ಆಮೇಲೆ ಏನು ಮಾಡುತ್ತವೆ ಎಂಬ ಪುಟ ಅದರಲ್ಲಿ ಇರಬೇಕಾಗಿರಲಿಲ್ಲ.

ಆ ಪುಟ ನನ್ನ ಕೆಲಸ. ಸಿಟ್ಟು ಎಲ್ಲರನ್ನೂ ಒಂದೇ ಥರ ಮಾಡುತ್ತದೆ ಎಂದು ನೀವು ಅಂದುಕೊಂಡಿರಬಹುದು. ಅವರು ಇಳಿಯುವುದನ್ನು ನೋಡಬೇಕು. ಕಾದಾಟ ಮುಗಿಸಿ ಬಂದವರು ತಂಪುಕಟ್ಟೆ ಎಂಬ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಸಾಲಾಗಿ ಕೂರುತ್ತಾರೆ. ದ್ಯಾಮಣ್ಣ ಎಂಬವನು ಮೊದಲು ತನ್ನ ಕಾಲುಚೀಲ ತೊಳೆಯಲು ಹೋಗುತ್ತಾನೆ, ಮೈಯೆಲ್ಲ ಗಾಯವಿದ್ದರೂ ಕಾಲುಚೀಲವೇ ಮೊದಲು. ಒಬ್ಬ ಗೋಡೆಗೆ ಮುಖ ಮಾಡಿ ಅಳುತ್ತಾನೆ, ಉಳಿದವರು ನೋಡದ ಹಾಗೆ ಇರುತ್ತಾರೆ. ಇನ್ನೊಬ್ಬನಿಗೆ ಯಾರಾದರೂ ತಲೆ ಸವರಬೇಕು. ನನ್ನ ಅಣ್ಣ ಪರುತಪ್ಪ ತಮಾಷೆಯಿಂದ ಇಳಿಯುತ್ತಾನೆ. ಬೋಗುಣಿಯ ಒಳಗೆ ಇಣುಕಿ, "ನಿಂಬೂ, ಇದೇನು ಗಂಜಿಯೋ, ಹಡಗು ತೊಳದ ನೀರೋ?" ಎನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದರೆ ಅಣ್ಣ ತಿರುಗಿ ಬಂದ ಎಂದು ನನಗೆ ಗೊತ್ತಾಗುತ್ತದೆ. ನಾನು ಬೋಗುಣಿ ಕೊಡುವಾಗ ಪ್ರತಿಯೊಬ್ಬರ ಮಣಿಕಟ್ಟಿಗೆ ಕಾವುದಾರ ಕಟ್ಟುತ್ತೇನೆ. ಕುದಿಯಿದ್ದರೆ ದಾರ ಕೆಂಪಾಗುತ್ತದೆ, ಇಳಿದರೆ ನೀಲಿಗೆ ತಿರುಗುತ್ತದೆ. ಮುಂದಾಳಿಗೆ ಮಾತ್ರ ಕಟ್ಟುವುದಿಲ್ಲ. ಅದು ಅವನಿಗೆ ಕೊಡುವ ಮರ್ಯಾದೆ.

ಮುಂದಾಳಿಗೂ ಒಂದು ಕೆಲಸ ಇದೆ. ಗಂಜಿಯನ್ನು ಅವನೇ ಬಡಿಸಬೇಕು. ಅವನು ಬಡಿಸುವವರೆಗೆ ಯಾರೂ ಕೊಡಲಿ ಕೆಳಗಿಡುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಮುದಕಪ್ಪ ಎಂಬವರು ಮುಂದಾಳಾಗಿದ್ದರು. ಕಾದಾಟದಿಂದ ಬಂದಾಗ ಅವರ ಕೈ ಎಷ್ಟು ನಡುಗುತ್ತಿತ್ತು ಎಂದರೆ ಸೌಟು ಹಂಡೆಯ ಅಂಚಿಗೆ ಬಡಿದು ಸದ್ದು ಮಾಡುತ್ತಿತ್ತು. ಅವರು ಸೌಟು ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದರು. ಸಾಲಿನಿಂದ ಯಾರೋ, "ಯಜಮಾನ್ರ, ಹಸಿವಿಗೆ ಜೀವ ಹೊಂಟೈತ್ರಿ" ಎನ್ನುತ್ತಿದ್ದರು. "ಹೋಗ್ಲಿ ಬಿಡೋ, ನಿನ್ನ ಪಾಲೂ ನಾನ ಉಣ್ತೀನಿ" ಎಂದು ಅವರು ಹೇಳುತ್ತಿದ್ದರು. ಒಂದೊಂದು ಸಲ ಅರ್ಧ ಹಗಲು ಹಾಗೇ ಕಳೆಯುತ್ತಿತ್ತು. ಕೊನೆಗೆ ಅವರು ಬಡಿಸಲು ಏಳುವ ಹೊತ್ತಿಗೆ ಗಂಜಿ ತಣ್ಣಗಾಗಿರುತ್ತಿತ್ತು, ದಾರಗಳೆಲ್ಲ ನೀಲಿಯಾಗಿರುತ್ತಿದ್ದವು.

ಎರಡು ವರ್ಷದ ಹಿಂದೆ ಮುದಕಪ್ಪನವರು ಕಾದಾಟದಲ್ಲಿ ತೀರಿಕೊಂಡರು. ಹೊಸ ಮುಂದಾಳನ್ನು ಆರಿಸಲು ನಮ್ಮ ಸಭೆಯ ಹಿರಿಯರು ಮೂವರ ಕೈಗೆ ಸೌಟು ಕೊಟ್ಟರು. ಕಾದಾಟ ಮುಗಿದು ಇನ್ನೂ ಬೆವರು ಆರಿರಲಿಲ್ಲ. ಮೊದಲನೆಯವನು ಅರ್ಧ ಚೆಲ್ಲಿದ. ಎರಡನೆಯವನಿಗೆ ಸೌಟು ಹಿಡಿಯಲೂ ಆಗಲಿಲ್ಲ. ಮೂರನೆಯವನು ಚಂದ್ರಾಮ. ಮುನ್ನೂರು ಬೋಗುಣಿಗಳಿಗೆ ಬಡಿಸಿದ, ಒಂದು ಹನಿ ಆಚೀಚೆ ಆಗಲಿಲ್ಲ. ಹಿರಿಯರಲ್ಲಿ ದೊಡ್ಡವರಾದ ಗೌರಕ್ಕ, "ಇಂಥ ತಂಪು ಮನಷ್ಯಾನ್ನ ನಾ ಎಲ್ಲೂ ಕಂಡಿಲ್ಲವ್ವಾ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಚಂದ್ರಾಮ ಕೆಟ್ಟವನ ಹಾಗೆ ಕಾಣುವುದಿಲ್ಲ, ಅದನ್ನು ನೀವು ತಿಳಿದಿರಬೇಕು. ಅವನು ದನಿ ಎತ್ತುವುದಿಲ್ಲ. ಮುನ್ನೂರು ಮಂದಿಯ ಹೆಸರೂ ಅವರ ತಾಯಂದಿರ ಹೆಸರೂ ಅವನಿಗೆ ಗೊತ್ತು. ಚಳಿಗೆ ನನ್ನ ಬೆರಳು ಒಡೆದಾಗ ಉಣ್ಣೆಯ ಕೈಗವಸು ಕಳಿಸಿದವನು ಅವನೇ. ಕಳೆದ ಕಾದಾಟವಾಗಿ ಹನ್ನೆರಡನೇ ದಿನ ಮಧ್ಯಾಹ್ನ ಅವನು ಗಂಜಿಮನೆಗೆ ಬಂದ. ಹಲ್ಲು ಕಳಕೊಂಡ ಒಬ್ಬ ಆಳಿಗೆ ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಬಹುದೇ ಎಂದು ಕೇಳುವುದಕ್ಕೆ. ಆಗ ಒಲೆಯ ಮೇಲಿನ ಹಂಡೆ ವಾಲಿತು. ಅವನು ಮುಂದೆ ಬಂದು ಬರಿಗೈಯಲ್ಲಿ ಹಿಡಿದ. ನಾನು ತೊಳೆದು ಹಿಡಿದಿದ್ದ ಕಾವುದಾರದ ಒಂದು ಎಳೆ ಅವನ ಮಣಿಕಟ್ಟಿಗೆ ಅಂಟಿಕೊಂಡಿತು. ನಾನು ನೋಡುತ್ತಿದ್ದಂತೆ ಅದು ಒಣಮೆಣಸಿನಕಾಯಿಯ ಹಾಗೆ ಕೆಂಪಾಯಿತು. ಅವನು ಮೆಲ್ಲಗೆ ನಗುತ್ತಲೇ ಇದ್ದ. ದಾರ ಬಿಡಿಸಿ, ಮಡಿಸಿ, ನನ್ನ ಅಂಗೈಗೆ ಇಟ್ಟ. "ದಾರ ಹಳೇದಾಗೈತಿ, ತಂಗಿ" ಎಂದು ಹೇಳಿ ಹೋದ. ನಾನು ಅದೇ ದಾರವನ್ನು ನನ್ನ ಕೈಗೆ ಕಟ್ಟಿಕೊಂಡು ನೋಡಿದೆ. ನೀಲಿಯಾಯಿತು.

ಅವತ್ತು ನನಗೆ ತಿಳಿದದ್ದು ಇಷ್ಟು. ಕೈ ನಡುಗುವುದು ಇಳಿಯುವವನ ಲಕ್ಷಣ. ಮುದಕಪ್ಪನವರ ಮೈ ಪ್ರತಿ ಸಲವೂ ಕಷ್ಟಪಟ್ಟು ಮನುಷ್ಯರ ಕಡೆ ತಿರುಗಿ ಬರುತ್ತಿತ್ತು, ಆ ಕಷ್ಟಕ್ಕೆ ನಡುಗುತ್ತಿತ್ತು. ಚಂದ್ರಾಮ ತಿರುಗಿ ಬರಲು ಹೊರಟೇ ಇರಲಿಲ್ಲ. ಅವನ ಸೌಜನ್ಯ, ಅವನ ಮೆಲುದನಿ, ಉಣ್ಣೆಯ ಕೈಗವಸು, ಎಲ್ಲವೂ ಕುದಿಯ ಒಳಗಿನಿಂದಲೇ ಬಂದವು. ನಾವು ಮೂವರಲ್ಲಿ ಇಳಿಯದವನನ್ನೇ ಹುಡುಕಿ ಆರಿಸಿದ್ದೆವು.

ಅವನು ಇಳಿಯದಿದ್ದರೆ ಉಳಿದವರೂ ಇಳಿಯುವುದಿಲ್ಲ. ಅವನ ನಲವತ್ತು ಹೆಜ್ಜೆಯ ಆಚೆ ಹೋದರಷ್ಟೇ ಇಳಿಯಬಹುದು, ಅವನು ಪ್ರತಿ ಕಾದಾಟದ ನಂತರ ಅವರನ್ನು ಇನ್ನಷ್ಟು ದಿನ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತ ಬಂದ. ಮೊದಲು ಅರ್ಧ ದಿನದಲ್ಲಿ ನೀಲಿಯಾಗುತ್ತಿದ್ದ ದಾರಗಳು ಚಂದ್ರಾಮ ಬಂದ ಮೇಲೆ ಮೂರು ದಿನ ತೆಗೆದುಕೊಂಡವು, ಆಮೇಲೆ ಹತ್ತು ದಿನ. ಕಳೆದ ಕಾದಾಟವಾಗಿ ಇವತ್ತಿಗೆ ನಲವತ್ತು ದಿನ, ಒಂದು ದಾರವೂ ನೀಲಿಯಾಗಿಲ್ಲ. ದ್ಯಾಮಣ್ಣನ ಕಾಲುಚೀಲ ನಾರುತ್ತಿದೆ, ಅವನಿಗೆ ಗೊತ್ತಿಲ್ಲ. ಯಾರೂ ಅಳುವುದಿಲ್ಲ. ಅಣ್ಣ ಗಂಜಿ ಕುಡಿದು, ಬೋಗುಣಿ ತಿರುಗಿ ಕೊಟ್ಟು, "ಆತು" ಎನ್ನುತ್ತಾನೆ. ಅಷ್ಟೇ. ಎಲ್ಲರೂ ಚಂದ್ರಾಮನ ಹಾಗೆ ಮೆಲ್ಲಗೆ ಮಾತಾಡುತ್ತಾರೆ, ಚಂದ್ರಾಮನ ಹಾಗೆ ನಗುತ್ತಾರೆ. ಮುನ್ನೂರು ಮಂದಿ ಇದ್ದ ಕಟ್ಟೆಯ ಮೇಲೆ ಈಗ ಒಬ್ಬನೇ ಕೂತಿದ್ದಾನೆ ಎನಿಸುತ್ತದೆ.

ಈ ನಡುವೆ ಹೊರಗಿನ ಹಡಗುಗಳು ಬರುವುದು ನಿಂತಿತು. ಅವರಿಗೆ ಬೇರೆ ಕಡೆ ಮಂಜು ಸಿಕ್ಕಿದೆ ಎಂದು ಸುದ್ದಿ. ನಮಗೆ ಸಂತೋಷವಾಗಬೇಕಿತ್ತು. ಅದೇ ವಾರ ಕೆಳಂತಸ್ತಿನಲ್ಲಿ ಸುರಂಗದ ಚಾವಣಿ ಕುಸಿದು ನಾಲ್ವರು ಸತ್ತರು. ಆಸರೆಗೆ ಕಂಬ ಕೊಡುವವರೆಗೆ ಕೆಲಸ ಮಾಡುವುದಿಲ್ಲ ಎಂದು ಅಲ್ಲಿಯ ಜನ ಕೂತರು. ಒಂದು ದಿನ ನಮ್ಮ ನಲ್ಲಿಯಲ್ಲಿ ನೀರು ಬರಲಿಲ್ಲ. ಚಂದ್ರಾಮ ಹಿರಿಯರ ಸಭೆಗೆ ಹೋಗಿ, ಮುನ್ನೂರು ಮಂದಿಯನ್ನು ಕರಕೊಂಡು ಕೆಳಗಿಳಿಯಲು ಅಪ್ಪಣೆ ಕೇಳಿದ.

ಸಭೆ ನಿನ್ನೆ ಸೇರಿತ್ತು. ನಾನು ಎದ್ದು ನಿಂತೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಗೌರಕ್ಕ, "ಗಟ್ಟಿ ಹೇಳವ್ವಾ, ಇಲ್ಲಿ ಯಾರೂ ನಿನ್ನ ತಿನ್ನೂದಿಲ್ಲ" ಎಂದರು. ದಾರದ ವಿಷಯ ಹೇಳಿದೆ. ಇವನು ಕೆಳಗಿಳಿದರೆ ಅಲ್ಲಿ ಯಾರೂ ಉಳಿಯುವುದಿಲ್ಲ, ನಮ್ಮವರೂ ಮನುಷ್ಯರಾಗಿ ಮೇಲೆ ಬರುವುದಿಲ್ಲ ಎಂದೆ. ಚಂದ್ರಾಮ ಎದ್ದು ಬಂದ. ಸುಳ್ಳು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಅಂಗಿಯ ತೋಳು ಮಡಚಿ ಕೈ ಚಾಚಿದ. "ತಂಗಿ ಖರೇನ ಹೇಳ್ಯಾಳ. ಕಟ್ಟವ್ವಾ, ಎಲ್ಲಾರೂ ನೋಡ್ಲಿ" ಎಂದ. ಕಟ್ಟಿದೆ. ಕೆಂಪಾಯಿತು. ಅವನು ಹಿರಿಯರ ಕಡೆ ತಿರುಗಿ, "ಮುದಕಪ್ಪ ಯಜಮಾನ್ರು ತೀರಿದ ದಿನ ಏರಿದ್ದು, ಇನ್ನಾ ಇಳಿದಿಲ್ಲ. ಇಷ್ಟ ದಿನ ನಿಮ್ಮ ನೀರು ಕಾಯ್ದದ್ದು ಇದ. ಈಗ ಇಳೀಲೇನು? ನೀವ ಹೇಳ್ರಿ" ಎಂದ.

ನಿಜ ಹೇಳಿದರೆ ಕೆಲಸ ಮುಗಿಯಿತು ಎಂದು ನಾನು ನಂಬಿದ್ದೆ. ಅವನ ಹಿಂದೆ ಮುನ್ನೂರು ಮಂದಿ ಒಂದೇ ಉಸಿರು ಎಳೆದು ಬಿಡುತ್ತಿದ್ದರು. ಗೌರಕ್ಕ ತಮ್ಮ ಸೆರಗಿನ ಅಂಚು ನೋಡುತ್ತಲೇ ಅಪ್ಪಣೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಚಂದ್ರಾಮ ಹೊರಡುವಾಗ ನನ್ನ ಹತ್ತಿರ ನಿಂತು, ಇನ್ನು ಗಂಜಿ ಬೇಕಾಗುವುದಿಲ್ಲ, ನೀನು ವಿಶ್ರಾಂತಿ ತಗೋ ಎಂದು ಪ್ರೀತಿಯಿಂದ ಹೇಳಿದ. ಇವತ್ತು ಮಧ್ಯಾಹ್ನ ಅವರು ಇಳಿಯುತ್ತಾರೆ. ಕೆಳಗೆ ಒಂಬೈನೂರು ಜನ ಇದ್ದಾರೆ. ಮಂಜು ಒಡೆಯುವ ಸುತ್ತಿಗೆ ಬಿಟ್ಟರೆ ಅವರ ಹತ್ತಿರ ಬೇರೆ ಏನೂ ಇಲ್ಲ.

ಹಿರಿಯರೇ, ನಿಮ್ಮಲ್ಲಿ ಯಾರ ಮೊಮ್ಮಕ್ಕಳು ಕೆಂಡಗಂಟು ಮಾಡುತ್ತಾರೋ ನನಗೆ ತಿಳಿಯದು. ಮಾಡಬೇಡಿ ಎಂದು ಅವರಿಗೆ ಹೇಳಿಡಿ. ಕೇಳದಿದ್ದರೆ, ದಾರವನ್ನು ಮೊದಲು ಮುಂದಾಳಿನ ಕೈಗೆ ಕಟ್ಟಬೇಕು ಎಂದಾದರೂ ಬರೆದಿಡಿ. ಕಾದಾಟದ ದಿನ ಅವನು ಹೇಗಿದ್ದ ಎಂದು ಕೇಳಬೇಡಿ. ಏನೂ ನಡೆಯದ ದಿನ, ಬರಿಗೈಯಲ್ಲಿ ಕೂತಾಗ ಅವನು ಯಾರು ಎಂದು ಕೇಳಿ. ಅವನ ಜೊತೆಯವರು ಅವನನ್ನು ಬೈದು ನಗಬಲ್ಲರೇ ಎಂದು ನೋಡಿ. ಸತ್ಯ ಗೊತ್ತಾದ ಮೇಲೂ ಅವನೇ ಬೇಕು ಎನ್ನುವ ಜನ ನೀವಾಗಬೇಡಿ.

ಕೆಳಗಿನ ಮೆಟ್ಟಿಲು ಬಹಳ ಕಿರಿದು, ಒಬ್ಬರ ಹಿಂದೆ ಒಬ್ಬರು ಇಳಿಯಬೇಕು. ಚಂದ್ರಾಮ ಮುಂದೆ ಇರುತ್ತಾನೆ. ಅವನು ಕೆಳಬಾಗಿಲಿಗೆ ಮುಟ್ಟಿದಾಗ ಸಾಲಿನ ಬಾಲ ಇನ್ನೂ ಇಲ್ಲಿ ಮೇಲೆ, ಅವನ ನಲವತ್ತು ಹೆಜ್ಜೆಯ ಆಚೆ ಇರುತ್ತದೆ. ಅಣ್ಣನ ಎಡಗಾಲಿಗೆ ಹಳೆಯ ಏಟಿದೆ, ಅವನದು ಯಾವಾಗಲೂ ಕೊನೆಯ ಜಾಗ. ನಾನು ಮೆಟ್ಟಿಲ ಬಾಯಿಗೆ ಅಡ್ಡ ಕೂತು ಅವನ ಹೆಸರು ಹಿಡಿದು ಕರೆಯುತ್ತೇನೆ. ಅವನ ಮುಂದೆ ಇರುವವರನ್ನೂ ಕರೆಯುತ್ತೇನೆ. ಅಷ್ಟು ಹೊತ್ತಿನಲ್ಲಿ ಕುದಿ ಇಳಿಯುತ್ತದೋ ಇಲ್ಲವೋ ಯಾರೂ ನೋಡಿದ್ದಿಲ್ಲ. ಕುದಿಯಲ್ಲಿರುವವನಿಗೆ ಅಡ್ಡ ಕೂತವರು ಉಳಿದದ್ದನ್ನೂ ಯಾರೂ ನೋಡಿದ್ದಿಲ್ಲ.

ಹಿಂಬಾವಿಯ ಕಟ್ಟೆಯ ಮೇಲೆ ಕೂತು ಇದನ್ನು ಬರೆದೆ. ಇಲ್ಲಿಂದ ಸಾಲು ಕಾಣುತ್ತದೆ. ಮುಂದಿನವರು ಆಗಲೇ ಇಳಿಯತೊಡಗಿದ್ದಾರೆ, ಸದ್ದೇ ಇಲ್ಲ. ಅಣ್ಣ ಎದ್ದು ನಿಂತು ಕೊಡಲಿಯನ್ನು ಬಲಗೈಗೆ ಬದಲಿಸಿಕೊಂಡ. ನಾನು ಹೊರಟೆ.

ಗಂಜಿಮನೆಯ ನಿಂಬೆವ್ವ