ಮೇಷ್ಟ್ರ ಬಾಯಿಂದ ಬಂದ ಮೊದಲ ಮಾತು

ಇಬ್ರಾಹಿಮಿಯ್ಯ, ಅಲೆಕ್ಸಾಂಡ್ರಿಯಾ
ಫೆಬ್ರವರಿ ೧೧

ನನ್ನ ಕಣ್ಣ ಬೆಳಕೇ, ರಾಫತ್,

ದಮ್ಮಾಮಿನಲ್ಲಿ ಆರೋಗ್ಯವಾಗಿದ್ದೀಯಾ? ಬರೆಯುವುದು ತಡವಾಯಿತು, ಸಿಟ್ಟಾಗಬೇಡ ಮಗನೇ. ಸಮುದ್ರದ ಚಳಿಗಾಳಿಗೆ ಬೆರಳ ಗಂಟುಗಳೆಲ್ಲ ಹಿಡಿದುಕೊಂಡಿದ್ದವು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಫೋನ್ ಮಾಡಿದಾಗೆಲ್ಲ ನಿನ್ನ ಮಗ ಜಿಯಾದ್ ನನ್ನ ಪಕ್ಕದಲ್ಲೇ ಇರುತ್ತಾನೆ. ಇದು ಅವನ ವಿಷಯ. ಗಾಬರಿಯಾಗಬೇಡ, ಒಳ್ಳೆಯದೇ.

ನಾಲ್ಕನೇ ಮಹಡಿಯ ಲಬೀಬ್ ಮೇಷ್ಟ್ರು ನೆನಪಿದ್ದಾರಲ್ಲ, ನಿನಗೂ ವ್ಯಾಕರಣ ಕಲಿಸುತ್ತ ಕಿವಿ ಹಿಂಡಿದವರು. ಚಳಿಗಾಲಕ್ಕೆ ಮುಂಚೆ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಮಗಳು ಮಗ್ದಾ ಮಧ್ಯಾಹ್ನದ ಮೇಲೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಬೇಕು. ಆ ಹೊತ್ತಿನಲ್ಲಿ ಅಪ್ಪನ ಹತ್ತಿರ ಯಾರಾದರೂ ಕೂರುತ್ತೀರಾ ಎಂದು ಕಟ್ಟಡದವರನ್ನೆಲ್ಲ ನಮ್ಮ ಮನೆಯಲ್ಲಿ ಸೇರಿಸಿ ಕೇಳಿದಳು. ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರಿಗೆ ಮೊಮ್ಮಕ್ಕಳ ಕಾಟ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಿಯಾದ್, "ನಾನ್ ಕೂರ್ತೀನಿ" ಅಂದ.

ಕೆಳಗಿನ ಮನೆಯ ಇಂಜಿನಿಯರ್ ಫತ್ಹೀ ಚಹಾ ನೆತ್ತಿಗೇರುವಷ್ಟು ನಕ್ಕ. "ಹದಿನೈದು ವರ್ಷದ ಹುಡುಗ! ತನ್ನ ಚಪ್ಪಲಿ ಎಲ್ಲಿದೆ ಅಂತ್ಲೇ ಗೊತ್ತಿರಲ್ಲ ಇವನಿಗೆ. ಹೋಗಪ್ಪಾ, ಫೋನ್ ಒತ್ಕೊಂಡಿರು ಹೋಗು."

"ಚಪ್ಪಲಿ ಹುಡುಕೋ ಕೆಲ್ಸ ಅಲ್ವಲ್ಲ ಅಂಕಲ್, ಕೂರೋ ಕೆಲ್ಸ" ಅಂದ ನಿನ್ನ ಮಗ. ಮಗ್ದಾ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನಾಳೆ ಸ್ಕೂಲ್ ಮುಗಿಸ್ಕೊಂಡು ಬಾ ಕಂದಾ" ಅಂದಳು.

ಸುಲಭವಿರಲಿಲ್ಲ. ಮೇಷ್ಟ್ರಿಗೆ ತಮ್ಮ ಮೇಲೇ ರೋಷ. ಒಂದು ದಿನ ಸೊಪ್ಪಿನ ಸಾರಿನ ಬಟ್ಟಲನ್ನು ಎಡಗೈಯಲ್ಲಿ ಬೀಸಿ ಒಗೆದರು. ಹುಡುಗ ಅಂಗಿಯೆಲ್ಲ ಹಸಿರಾಗಿ ಮೆಟ್ಟಿಲಿಳಿದು ಬಂದ, ಕಣ್ಣು ಕೆಂಪಾಗಿತ್ತು. "ಸಾಕು ಬಿಡು, ಇದು ಚಿಕ್ಕವರ ಕೈಲಾಗೋದಲ್ಲ" ಅಂದೆ. ಮುಖ ತೊಳೆದ, ಬೇರೆ ಅಂಗಿ ಹಾಕಿಕೊಂಡ. "ಅವ್ರಿನ್ನೂ ಊಟ ಮಾಡಿಲ್ಲ ಅಜ್ಜಿ" ಎನ್ನುತ್ತ ಮತ್ತೆ ಹತ್ತಿದ.

ಮಾತು ಬರಿಸುವ ಅಭ್ಯಾಸಗಳನ್ನು ಅದೇ ಫೋನಿನಲ್ಲಿ ಹುಡುಕಿ ಕಲಿತ. ಇವನು ತುಟಿ ಅಗಲಿಸಿ 'ಆ', 'ಬಾ' ಅಂದರೆ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಪಗಡೆ ಹಲಗೆ ತಂದಿಟ್ಟ. ಅದಕ್ಕೆ ಮಾತ್ರ ಈಚೆ ತಿರುಗಿದರು.

ಕಳೆದ ಗುರುವಾರ ನಾನು ಅಕ್ಕಿ ಪಾಯಸ ಹಿಡಿದು ಮೇಲೆ ಹೋಗಿದ್ದೆ. ನಿನ್ನ ಮಗ ಬೇಕೆಂದೇ ಮೋಸದಿಂದ ಒಂದು ಕಾಯಿ ಸರಿಸಿದ. ಮೇಷ್ಟ್ರ ಕತ್ತಿನ ನರ ಉಬ್ಬಿತು, ತುಟಿ ನಡುಗಿತು. ಹೊಟ್ಟೆಯೊಳಗಿಂದ ಎಳೆದು ತಂದಂತೆ ಬಂತು ಮಾತು: "ಕ... ಕತ್ತೆ!"

ಪಾಯಸ ನನ್ನ ಕೈಜಾರಿತು. ಜಿಯಾದ್ ಕಿಟಕಿಗೆ ಓಡಿ ಕೆಳಗೆ ಬಗ್ಗಿ ಕೂಗಿದ: "ನನಗೆ ಕತ್ತೆ ಅಂದ್ರು! ಮೇಷ್ಟ್ರು ನನಗೆ ಕತ್ತೆ ಅಂದ್ರು!" ಫತ್ಹೀ ಒಂದೇ ಉಸಿರಿಗೆ ಹತ್ತಿಬಂದು ಮಂಚದ ಹತ್ತಿರ ಮಂಡಿಯೂರಿದ. "ನನಗೂ ಒಂದ್ಸಲ ಅನ್ನಿ ಮೇಷ್ಟ್ರೇ." ಮೇಷ್ಟ್ರು ಅವನಿಗೂ ನಿರಾಸೆ ಮಾಡಲಿಲ್ಲ.

ಈಗ ಜಿಯಾದನ ಗೆಳೆಯರೂ ಸರದಿಯ ಮೇಲೆ ಹೋಗುತ್ತಾರೆ. ಪರೀಕ್ಷೆಗೆ ಓದುವುದೂ ಅಲ್ಲೇ. ವ್ಯಾಕರಣ ತಪ್ಪಿದರೆ ಅವರಿಗೂ ಅದೇ ಬಿರುದು.

ದೇವರು ನಿನ್ನ ದುಡಿಮೆಯಲ್ಲಿ ಬರಕತ್ತು ಕೊಡಲಿ, ಪರವೂರಿನ ಭಾರವನ್ನು ಹಗುರ ಮಾಡಲಿ.

ನಿನ್ನ ತಾಯಿ,
ಇನಾಯಾತ್

ಮತ್ತೆ: ನಿನ್ನೆ ಬಟ್ಟೆ ಒಣಹಾಕುವಾಗ ಅವನನ್ನು ಕೇಳಿದೆ, ಆ ದಿನ ನೀನೇ ಯಾಕಪ್ಪಾ ಮುಂದೆ ಬಂದೆ ಅಂತ. ಒದ್ದೆ ಅಂಗಿಯೊಂದನ್ನು ಕೊಡವುತ್ತ ಹೇಳಿದ: "ಅಮ್ಮ ತೀರ್ಕೊಳ್ಳೋ ಮುಂಚೆ ನೀವೆಲ್ಲ ನನ್ನನ್ನ ರೂಮಿಂದ ಆಚೆ ಕಳಿಸ್ತಿದ್ರಿ, ಚಿಕ್ಕೋನು, ಆಡ್ಕೋ ಹೋಗು ಅಂತ. ನನಗೆ ಹನ್ನೆರಡು ತುಂಬಿತ್ತು ಅಜ್ಜಿ. ಅಮ್ಮಂಗೆ ನೀರು ಕುಡಿಸೋಕೆ ನನಗೂ ಬರ್ತಿತ್ತು." ಅವಳು ಹೋದಮೇಲೆ ನೀನು ಅವನ ಮುಂದೆ ಅವಳ ಹೆಸರೆತ್ತಿಲ್ಲ, ರಾಫತ್. ಇನ್ನು ಎತ್ತು. ಅವನು ತಡೆದುಕೊಳ್ಳುತ್ತಾನೆ.