ಮಶೇರಿ ಡಬ್ಬಿ ಹುಡುಕಬ್ಯಾಡ

ನೀಲಕ್ಕಾ,

ನೀ ಗುಡಿಯಿಂದ ಬರೂದ್ರಾಗ ನಾ ಬೆಳಗಾವಿ ಬಸ್ ಹತ್ತಿರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವ. ಪಲ್ಯಾಕ ಖಾರ ಹಾಕಿಲ್ಲ, ಡಾಕ್ಟರು ತಪಾಸಣಿಗೆ ಚೂರು ತಗದ ನಿನ್ನ ಗಲ್ಲದ ಒಳಗ ಇನ್ನೂ ಪೂರಾ ಮಾಯ್ದಿಲ್ಲ. ಚಿಮಣಿ ಎಣ್ಣಿ ಬಂದೈತಂತ, ರೇಷನ್ ಅಂಗಡಿಗೆ ಭಾವಾರನ್ನ ಕಳಸು.

ನಿನ್ನೆ ಡಾಕ್ಟರು "ಇದು ಕ್ಯಾನ್ಸರ್ ಅಲ್ಲ" ಅಂದಾಗ ನನಗ ಹೋದ ಜೀವ ಬಂದಂಗಾತು. ಆದ್ರ "ಮಶೇರಿ ಬಿಡ್ರಿ, ಹುರದ ತಂಬಾಕಿನ ಪುಡಿ ಹಲ್ಲಿಗೆ ತಿಕ್ಕಬ್ಯಾಡ್ರಿ, ಈ ಬಿಳಿ ಕಲೆ ನಾಳೆ ಅದ ಆಗಬಹುದು" ಅಂದದ್ದು ನಿನ್ನ ಕಿವಿಗೆ ಬಿದ್ದಂಗ ಕಾಣಲಿಲ್ಲ. ಖಾನಾಪುರದಾಗ ದವಾಖಾನಿಯವರು ಬಾಯಿ ತಪಾಸಣಿ ಇಟ್ಟ ದಿನ, ಬಾಯಿ ಸ್ವಚ್ಛ ಇರಲಿ ಅಂತ ಎರಡು ಸಲ ಮಶೇರಿ ತಿಕ್ಕೊಂಡು ಹೋದಾಕಿ ನೀನು! ಕರ್ರಗಾದ ಹಲ್ಲು ನೋಡಿ ಆ ಡಾಕ್ಟರು ನಕ್ಕೇಬಿಟ್ರು.

ನಿನ್ನ ಡಬ್ಬಿ ಹುಡುಕಬ್ಯಾಡ, ತಿಪ್ಪಿಗೆ ಚೆಲ್ಲೇನಿ. ತಂಬಾಕ ಹುರಿಯೂ ಹಂಚಿಗೆ ಬೂದಿ ಹಚ್ಚಿ ತಿಕ್ಕೇನಿ. ಇನ್ನ ಅದರಾಗ ಶೇಂಗಾ ಹುರಿ. ಬೇವಿನ ಕಡ್ಡಿ ಕಿಟಕ್ಯಾಗ ಐತಿ.

ಸಿಟ್ಟಾಗಬ್ಯಾಡ. ಅಕ್ಕಿ ಡಬ್ಬಿ ಹಿಂದ ನಂದೂ ಒಂದಿತ್ತು, ನಿನಗ ಗೊತ್ತಿರಲಿಲ್ಲ. ಅದನ್ನೂ ಚೆಲ್ಲೇನಿ. ಇವತ್ತ ಬೆಳಗಾವ್ಯಾಗ ಡಾಕ್ಟರಿಗೆ ತೋರಸಾಕ ಹೊಂಟದ್ದು ನನ್ನ ಬಾಯಿ. ಹಲ್ಲಿಗೆ ಏನೂ ತಿಕ್ಕಿಲ್ಲ, ಬರೇ ನೀರಿಲೇ ಮುಕ್ಕಳಿಸಿ ಹೊಂಟೇನಿ.

ಕಾಂತಾ